ಹೊರಗೆ ತಿನ್ನೋದಾ, ಮನೇಲಿ ಮಾಡೋದಾ? ಹಸಿವಾಗುವ ಮೊದಲೇ ತೀರ್ಮಾನಿಸಿ

ಮನೆ ಅಡುಗೆಯೇ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಅದು ನಿಜ ಕೂಡ, ಯಾಕೆಂದರೆ ಹೋಟೆಲ್ ಬಿಲ್ಲಿನಲ್ಲಿ ಅಡುಗೆ ಸಾಮಾನಿನ ಪಾಲು ಸಾಮಾನ್ಯವಾಗಿ ಮೂರನೇ ಒಂದರ ಆಸುಪಾಸು, ಉಳಿದದ್ದೆಲ್ಲ ಬಾಡಿಗೆ, ಸಂಬಳ, ಕರೆಂಟು, ಲಾಭ. ಆದರೆ ನೀವು ಒಬ್ಬರೇ ಇದ್ದು, ಯಾವುದೋ ಹೊಸ ಅಡುಗೆಗೆ ಅಂತ ನಾಲ್ಕು ಬಾಟಲಿ ಸಾಸ್ ತಂದು, ಒಂದೊಂದು ಚಮಚ ಬಳಸಿ ಉಳಿದದ್ದನ್ನು ಫ್ರಿಜ್ಜಿನ ಮೂಲೆಗೆ ತಳ್ಳುತ್ತೀರಿ ಅಂದರೆ ಅದನ್ನು ಹೊರಗೆ ತಿನ್ನುವುದೇ ವಾಸಿ.

ಹಾಗಾಗಿ ಮೊದಲು ಒಂದು ವಾರ ಲೆಕ್ಕ ಬರೆದಿಡಿ. ಮನೆ ಕಡೆ ಕೊಳೆತು ಬಿಸಾಡಿದ ತರಕಾರಿಯನ್ನೂ ಸೇರಿಸಿ. ಹೊರಗಿನ ಕಡೆ ಡೆಲಿವರಿ ಚಾರ್ಜು, ಪ್ಯಾಕಿಂಗ್, ಮತ್ತೆ "ಇಷ್ಟು ಆರ್ಡರ್ ಮಾಡಿದರೆ ಡೆಲಿವರಿ ಉಚಿತ" ಅಂತ ಸುಮ್ನೆ ಸೇರಿಸಿದ ಆ ಸಿಹಿಯನ್ನೂ ಬರೆಯಿರಿ. ಅಡುಗೆ ಮಾಡುವವರ ಸಮಯವನ್ನೂ ಬಿಡಬೇಡಿ. ಮನೆ ಅಡುಗೆಗೆ ಖರ್ಚೇ ಇಲ್ಲ ಅನ್ನುವವರು ಹೆಚ್ಚಾಗಿ ಒಲೆ ಮುಂದೆ ನಿಲ್ಲದವರೇ, ಅಲ್ವಾ?

ನಿಜವಾದ ಸಮಸ್ಯೆ ದುಡ್ಡಲ್ಲ. ಸುಸ್ತಾಗಿ ಮನೆಗೆ ಬಂದು, ಹೊಟ್ಟೆ ಚುರುಗುಟ್ಟುವಾಗ ತೀರ್ಮಾನ ಮಾಡುತ್ತೇವೆ. ಆಗ ಮೊಬೈಲೇ ಗೆಲ್ಲುತ್ತದೆ. ಇದಕ್ಕೆ ಹಬ್ಬದ ಅಡುಗೆ ಕಲಿಯಬೇಕಾಗಿಲ್ಲ, ಆರ್ಡರ್ ಬಂದು ತಲುಪುವಷ್ಟರಲ್ಲಿ ಮುಗಿಯುವ ಒಂದೆರಡು ಅಡುಗೆ ಕೈಗೆ ಹತ್ತಿದರೆ ಸಾಕು. ಅದರ ಸಾಮಾನು ಮನೆಯಲ್ಲಿ ಯಾವತ್ತೂ ಖಾಲಿಯಾಗದಂತೆ ನೋಡಿಕೊಳ್ಳಿ.

ಸಮಯ ಜಾಸ್ತಿ ತಿನ್ನುವುದು ಈರುಳ್ಳಿ. ಹೆಚ್ಚಬೇಕು, ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವ ತನಕ ಬಾಡಿಸಬೇಕು, ಅದಕ್ಕೇ ಇಪ್ಪತ್ತು ನಿಮಿಷ ದಾಟುತ್ತದೆ. ಬಿಡುವಿದ್ದ ದಿನ ದೊಡ್ಡ ಬಾಣಲೆ ತುಂಬ ಒಟ್ಟಿಗೇ ಮಾಡಿಬಿಡಿ. ಶುರುವಿನಲ್ಲೇ ಚಿಟಿಕೆ ಉಪ್ಪು ಹಾಕಿದರೆ ಈರುಳ್ಳಿ ನೀರು ಬಿಟ್ಟು ಬೇಗ ಮೆತ್ತಗಾಗುತ್ತದೆ. ತಳ ಹಿಡಿಯುತ್ತಿದೆ ಅನ್ನಿಸಿದರೆ ಎಣ್ಣೆ ಸುರಿಯಬೇಡಿ, ಒಂದು ಚಮಚ ನೀರು ಚಿಮುಕಿಸಿ ಕೆರೆಯಿರಿ, ಅಂಟಿಕೊಂಡ ಆ ಕಂದು ಪದರದಲ್ಲೇ ರುಚಿ ಇರುವುದು. ಆರಿದ ಮೇಲೆ ಐಸ್ ಟ್ರೇಯಲ್ಲಿ ತುಂಬಿ ಫ್ರೀಜರಿಗೆ ಹಾಕಿ, ಬೇಕಾದಾಗ ಎರಡು ತುಂಡು ತೆಗೆದರಾಯಿತು. ಕಾಳನ್ನು ಬೆಳಿಗ್ಗೆಯೇ ನೆನೆಹಾಕಿ. ಕುಕ್ಕರಿನೊಳಗೆ ಒತ್ತಡದಿಂದ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್ ತನಕ ಏರುವುದರಿಂದ ಸಂಜೆ ಬೇಗ ಬೇಯುತ್ತದೆ.

ಜಾಸ್ತಿ ಮಾಡಿಟ್ಟರೆ ಒಂದು ಎಚ್ಚರ ಬೇಕು. ಬೆಂದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ನಡುವೆ ಬಿಸಿ ಹಾಗೇ ಉಳಿಯುತ್ತದೆ, ಅಗಲವಾದ ಡಬ್ಬಗಳಿಗೆ ತೆಳ್ಳಗೆ ಹರಡಿ ಫ್ರಿಜ್ಜಿಗಿಡಿ. ಫ್ರಿಜ್ಜು 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದರೆ ಮೂರು ದಿನ ತಿನ್ನಬಹುದು. ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಕುದಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾ ಅದರಲ್ಲಿರಬಹುದು, ಅನ್ನವನ್ನು ಹೊರಗೇ ಬಿಟ್ಟರೆ ಅದು ಬೆಳೆದು ವಿಷ ಬಿಡುತ್ತದೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

"ಹೋಟೆಲ್ ರುಚಿ ಮನೇಲಿ ಬರಲ್ಲ" ಅನ್ನುತ್ತೀರಾ? ಅಲ್ಲಿ ಉರಿ ದೊಡ್ಡದು, ಎಣ್ಣೆ ಮತ್ತು ಉಪ್ಪಿಗೆ ಕೈ ಧಾರಾಳ. ಮನೆಯ ಸಣ್ಣ ಒಲೆಯಲ್ಲಿ ಬಾಣಲೆ ತುಂಬ ತರಕಾರಿ ಸುರಿದರೆ ಅದು ಹುರಿಯುವುದಿಲ್ಲ, ತನ್ನ ನೀರಲ್ಲೇ ಬೇಯುತ್ತದೆ. ತರಕಾರಿಯನ್ನು ಎರಡು ಪಾಲು ಮಾಡಿ, ಒಂದಾದ ಮೇಲೆ ಒಂದು ಹುರಿಯಿರಿ. ಕೊನೆಗೆ ಸ್ವಲ್ಪ ಹುಳಿ ಹಿಂಡಿದರೆ ಉಪ್ಪೂ ಕಡಿಮೆ ಸಾಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ.

ಎಣ್ಣೆಯಲ್ಲಿ ಕರಿದದ್ದನ್ನು ಮಾತ್ರ ನಾನು ಹೊರಗೇ ತಿನ್ನಿ ಅನ್ನುತ್ತೇನೆ. ಒಂದು ಹಿಡಿ ತಿಂಡಿಗೆ ಬಾಣಲೆ ತುಂಬ ಎಣ್ಣೆ ಕಾಯಿಸಿ, ಆಮೇಲೆ ಅದನ್ನೇನು ಮಾಡೋದು ಅಂತ ಒದ್ದಾಡುವುದು ಯಾರಿಗೆ ಬೇಕು? ಆದರೆ ಎಣ್ಣೆ ಕಪ್ಪಾಗಿ ನೊರೆ ಬರುತ್ತಿರುವ ಕಡೆ ಬೇಡ. ಹೊರಗಿನ ಊಟದ ದಿನವನ್ನೂ ಮೊದಲೇ ಗೊತ್ತು ಮಾಡಿ, ಅದು ಮನೆಯಲ್ಲಿ ದಿನಾ ಅಡುಗೆ ಮಾಡುವವರು ಕೇಳಿದ ದಿನವಾಗಿರಲಿ.