ಎರಡು ಮತದಾನಗಳ ನಡುವಿನ ಗಲಾಟೆ: ತರಗತಿಯಲ್ಲಿ ಲೈವ್ ಪೋಲಿಂಗ್, ನನ್ನ ಅನುಭವ

"ಅರ್ಥ ಆಯ್ತಾ?" ಅಂತ ಕೇಳಿದರೆ ನಮ್ಮ ಮಕ್ಕಳು ಒಂದೇ ದನಿಯಲ್ಲಿ "ಆಯ್ತು ಮೇಡಂ" ಅನ್ನುತ್ತಾರೆ. ಮುಂದಿನ ಬೆಂಚಿನವರು ತಲೆ ಆಡಿಸುತ್ತಾರೆ, ಅವರನ್ನು ನೋಡಿಕೊಂಡು ಹಿಂದಿನವರೂ ಆಡಿಸುತ್ತಾರೆ. ಕೈ ಎತ್ತಿ ಅಂದರೂ ಅದೇ ಕಥೆ. ಚೆನ್ನಾಗಿ ಓದುವ ಹುಡುಗಿ ಯಾವುದಕ್ಕೆ ಕೈ ಎತ್ತುತ್ತಾಳೋ ನೋಡಿ, ಅರ್ಧ ಸೆಕೆಂಡು ತಡವಾಗಿ ಮಿಕ್ಕ ಕೈಗಳು ಏಳುತ್ತವೆ. ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ. ಪ್ರಶ್ನೆ ಕೇಳಿ ಎಲ್ಲರ ಉತ್ತರವನ್ನೂ ಮತದ ಹಾಗೆ ಅಲ್ಲೇ ಎಣಿಸುವ ಪೋಲಿಂಗ್ ತಂತ್ರಜ್ಞಾನದ ಬೆನ್ನು ಹತ್ತಿದ್ದು ಈ "ಆಯ್ತು ಮೇಡಂ" ಕಾಟಕ್ಕೇ. ಯಾರಿಗೆ ನಿಜವಾಗಿ ಗೊತ್ತಿದೆ, ಯಾರಿಗೆ ಇಲ್ಲ ಅನ್ನುವುದು ಇಂಟರ್ನಲ್ ಟೆಸ್ಟಿನವರೆಗೆ ಕಾಯದೆ ಅದೇ ಪೀರಿಯಡ್ಡಿನಲ್ಲಿ ತಿಳಿಯಬೇಕಿತ್ತು.

ಮೆಂಟಿಮೀಟರ್, ಸ್ಲೈಡೋ, ಕಹೂಟ್‌ನಂಥ ಆನ್‌ಲೈನ್ ಪೋಲಿಂಗ್ ಸಾಧನಗಳೆಲ್ಲವೂ ಪ್ರತಿಯೊಬ್ಬರ ಕೈಯಲ್ಲೂ ಫೋನ್ ಇದೆ ಅಂತಲೇ ಹೊರಡುತ್ತವೆ. ನಮ್ಮಲ್ಲಿ ತರಗತಿಯೊಳಗೆ ಫೋನ್ ತೆಗೆಯುವ ಹಾಗಿಲ್ಲ. ಅನುಮತಿ ಕೊಡಿಸಿದರೂ ಎಲ್ಲರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಇರುವವರ ಪೈಕಿ ಕೆಲವರ ರೀಚಾರ್ಜ್ ಮುಗಿದಿರುತ್ತದೆ. ಫೋನ್ ಇಲ್ಲದವನು ಪಕ್ಕದವನ ಫೋನಿನಲ್ಲಿ ಹಂಚಿಕೊಂಡು ಮತ ಹಾಕಿದರೆ ಅಲ್ಲಿಗೆ ಅದರ ಉದ್ದೇಶವೇ ಕೆಟ್ಟಿತು. ಹಾಗಾಗಿ ನನಗೆ ಒಗ್ಗಿದ್ದು ಪ್ಲಿಕರ್ಸ್. ಕ್ಯಾಲಿಫೋರ್ನಿಯಾದಲ್ಲಿ ಗಣಿತ ಮೇಷ್ಟ್ರಾಗಿದ್ದ ನೋಲನ್ ಏಮಿ ತಮ್ಮ ತರಗತಿಗಾಗಿಯೇ ಕಟ್ಟಿಕೊಂಡ ವ್ಯವಸ್ಥೆ ಇದು. ಮಕ್ಕಳ ಕೈಯಲ್ಲಿ ಬರೀ ಕಾಗದ, ನನ್ನ ಕೈಯಲ್ಲಿ ಒಂದು ಫೋನ್.

ಕಾರ್ಡಿನ ಮೇಲೆ ಕ್ಯುಆರ್ ಕೋಡಿನ ದೊಡ್ಡಣ್ಣನ ಹಾಗೆ ಒಂದು ಕಪ್ಪು ಆಕೃತಿ ಇರುತ್ತದೆ. ಒಬ್ಬೊಬ್ಬರದ್ದೂ ಬೇರೆ ಆಕೃತಿ, ಬೇರೆ ನಂಬರು. ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಬಹಳ ಸಣ್ಣದಾಗಿ ಅಚ್ಚಾಗಿರುತ್ತದೆ. ಉತ್ತರ ಬಿ ಅನ್ನಿಸಿದರೆ ಬಿ ಇರುವ ಬದಿಯನ್ನು ಮೇಲೆ ಮಾಡಿ ಹಿಡಿಯಬೇಕು. ಪಕ್ಕದವನು ಕದ್ದು ನೋಡಿದರೂ ಪ್ರಯೋಜನವಿಲ್ಲ, ಅವನ ಕಾರ್ಡಿನ ಆಕೃತಿಯೇ ಬೇರೆ. ನಾನು ವೇದಿಕೆಯ ಮೇಲೆ ನಿಂತು ಫೋನಿನ ಕ್ಯಾಮೆರಾವನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಆಡಿಸಿದರೆ ಹೆಸರುಗಳು ಒಂದೊಂದಾಗಿ ನನ್ನ ಫೋನಿನ ತೆರೆಯ ಮೇಲೆ ಏಳುತ್ತವೆ, ಸರಿಯಿದ್ದವರದ್ದು ಹಸಿರು, ತಪ್ಪಿದವರದ್ದು ಕೆಂಪು. ದೊಡ್ಡ ಸೆಟ್ಟಿನಲ್ಲಿ 63 ಕಾರ್ಡುಗಳಿವೆ, ನಮ್ಮ ಒಂದು ಸೆಕ್ಷನ್ನಿಗೆ ಸಾಕು.

ಕಾರ್ಡನ್ನು ಅವರ ವೆಬ್‌ಸೈಟಿನಿಂದಲೇ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ರಟ್ಟಿಗೆ ಅಂಟಿಸಿದರೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಹೊಳಪಿನ ಲ್ಯಾಮಿನೇಷನ್ ಮಾತ್ರ ಬೇಡ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಫಳಫಳ ಅಂದರೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಇನ್ನೊಂದು, ಹೆಬ್ಬೆರಳು ಕಪ್ಪು ಭಾಗದ ಮೇಲೆ ಬರಬಾರದು. ಎಷ್ಟು ಸಲ ಹೇಳಿದರೂ ಯಾರದ್ದಾದರೂ ಬೆರಳು ಅಲ್ಲೇ ಇರುತ್ತದೆ. ನಾನು ಕಾರ್ಡ್ ನಂಬರನ್ನೂ ಹಾಜರಿ ಪುಸ್ತಕದ ಕ್ರಮಸಂಖ್ಯೆಯನ್ನೂ ಒಂದೇ ಮಾಡಿಕೊಂಡಿದ್ದೇನೆ. ಕಾರ್ಡನ್ನು ಅವರ ಬ್ಯಾಗಿಗೆ ಕೊಡುವುದಿಲ್ಲ, ಡಿಪಾರ್ಟ್‌ಮೆಂಟಿನ ಬೀರುವಿನಲ್ಲೇ ಇರುತ್ತವೆ.

ಇಷ್ಟು ಸಲಕರಣೆಯ ಮಾತು. ಆದರೆ ಪಾಠ ನಡೆಯುವುದು ಕಾರ್ಡಿನಲ್ಲಲ್ಲ, ಒಂದೇ ಪ್ರಶ್ನೆಗೆ ಎರಡು ಸಲ ಹಾಕಿಸುವ ಮತಗಳ ನಡುವೆ.

ನನ್ನ ನೆಚ್ಚಿನ ಪ್ರಶ್ನೆ ಇದು. 60 ವ್ಯಾಟ್ ಮತ್ತು 100 ವ್ಯಾಟ್‌ನ ಎರಡು ಹಳೇ ಟಂಗ್‌ಸ್ಟನ್ ಬಲ್ಬುಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿ ಮೇನ್ಸ್‌ಗೆ ಕೊಟ್ಟರೆ ಯಾವುದು ಹೆಚ್ಚು ಪ್ರಕಾಶವಾಗಿ ಉರಿಯುತ್ತದೆ? ಎ: 60. ಬಿ: 100. ಸಿ: ಎರಡೂ ಸಮ. ಡಿ: ಗೊತ್ತಿಲ್ಲ. ಓಮನ ನಿಯಮವನ್ನು ಹೈಸ್ಕೂಲಿನಿಂದ ಉರು ಹೊಡೆದವರೇ ಎಲ್ಲರೂ. ಆದರೂ ಮೊದಲ ಮತದಲ್ಲಿ 100ಕ್ಕೇ ಬಹುಮತ. ಆ ಹೊತ್ತಿಗೆ ನಾನು ಸರಿ ಯಾವುದು ಅಂತ ಹೇಳುವುದಿಲ್ಲ, ಗ್ರಾಫನ್ನೂ ತೋರಿಸುವುದಿಲ್ಲ. "ನಿಮಗಿಂತ ಬೇರೆ ಉತ್ತರ ಹಿಡಿದವರನ್ನ ಹುಡುಕಿ, ಒಪ್ಪಿಸಿ" ಅಂತಷ್ಟೇ ಹೇಳುತ್ತೇನೆ. ಈ "ಬೇರೆ ಉತ್ತರದವರು" ಅನ್ನುವ ಷರತ್ತು ಬೇಕೇ ಬೇಕು. ಒಂದೇ ಬೆಂಚಿನಲ್ಲಿ ಕೂರುವ ಗೆಳತಿಯರ ಉತ್ತರವೂ ಸಾಮಾನ್ಯವಾಗಿ ಒಂದೇ ಇರುತ್ತದೆ, ಅವರವರೇ ಮಾತಾಡಿಕೊಂಡರೆ ಪರಸ್ಪರ ಬೆನ್ನು ತಟ್ಟಿಕೊಂಡಂತೆ.

ಆಮೇಲೆ ಗಲಾಟೆ ಶುರು. "ಲೋ, ನೂರು ವ್ಯಾಟ್ ಅಂದ್ರೆ ಜಾಸ್ತಿ ಪವರ್ ಅಲ್ವೇನೋ?" "ಅದು ಮನೇಲಿ ಕಣೋ, ಪ್ಯಾರಲಲ್ಲು. ಸೀರೀಸಲ್ಲಿ ಕರೆಂಟ್ ಒಂದೇ, ಯಾವುದರ ರೆಸಿಸ್ಟೆನ್ಸ್ ಜಾಸ್ತಿನೋ ಅದು ಉರಿಯುತ್ತೆ." ಯಾರೋ ಒಬ್ಬಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೇನ್ಸ್‌ನ 220 ವೋಲ್ಟಿನ ವರ್ಗವನ್ನು 60ರಿಂದ, 100ರಿಂದ ಭಾಗಿಸಿ ರೆಸಿಸ್ಟೆನ್ಸ್ 807 ಓಮ್, 484 ಓಮ್ ಅಂತ ತೋರಿಸುತ್ತಾಳೆ. ನಾನು ಬೆಂಚುಗಳ ನಡುವೆ ಓಡಾಡುತ್ತಾ ಕಿವಿ ಕೊಡುತ್ತೇನೆ, ಬಾಯಿ ಬಿಡುವುದಿಲ್ಲ. ಎರಡು ಮೂರು ನಿಮಿಷ ಬಿಟ್ಟು ಮತ್ತೆ ಕಾರ್ಡು. ಈ ಸಲ 60ರ ಕಡೆಗೆ ಜನ ವಾಲಿರುತ್ತಾರೆ. ಕೊನೆಗೆ ಮರದ ಹಲಗೆಯ ಮೇಲೆ ಎರಡು ಹೋಲ್ಡರ್ ಜೋಡಿಸಿದ್ದನ್ನು ತೆಗೆದು ಸ್ವಿಚ್ ಹಾಕುತ್ತೇನೆ. 60ರದ್ದು ಹಳದಿಯಾಗಿ ಉರಿಯುತ್ತದೆ, ನೂರರ ಬಲ್ಬಿನಲ್ಲಿ ತಂತಿ ಕೆಂಪಗೆ ಕಂಡೂ ಕಾಣದ ಹಾಗಿರುತ್ತದೆ. ನೂರಕ್ಕೆ ಮತ ಹಾಕಿ ಕಡೆಯವರೆಗೂ ಬದಲಿಸದವರು ಎದ್ದು ಬಂದು ಬಲ್ಬಿನ ಮೇಲಿನ ಅಚ್ಚು ಓದಿ ಖಾತ್ರಿ ಮಾಡಿಕೊಳ್ಳುತ್ತಾರೆ. ಮೇಡಂ ಬಲ್ಬು ಅದಲು ಬದಲು ಮಾಡಿದ್ದಾರೇನೋ ಅಂತ.

ಈ ಪದ್ಧತಿ ನನ್ನದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಇದನ್ನು ಪೀರ್ ಇನ್‌ಸ್ಟ್ರಕ್ಷನ್ (ಸಹಪಾಠಿಗಳೇ ಒಬ್ಬರಿಗೊಬ್ಬರು ಕಲಿಸುವುದು) ಎಂಬ ಹೆಸರಿನಲ್ಲಿ ನಡೆಸಿಕೊಂಡು ಬಂದರು. ಕಷ್ಟದ ಲೆಕ್ಕಗಳನ್ನು ಬಿಡಿಸುವ ತಮ್ಮ ವಿದ್ಯಾರ್ಥಿಗಳೇ ಬಲ ಮತ್ತು ಚಲನೆಯ ತೀರಾ ಸರಳ ಪ್ರಶ್ನೆಗಳಲ್ಲಿ ಎಡವಿದ್ದನ್ನು ಕಂಡು ಅವರು ಈ ದಾರಿ ಹಿಡಿದದ್ದು. ಅವರ ಲೆಕ್ಕಾಚಾರ ನಾನು ಹಾಗೇ ಪಾಲಿಸುತ್ತೇನೆ. ಮೊದಲ ಮತದಲ್ಲಿ ಸರಿ ಉತ್ತರ ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ ಚರ್ಚೆಗೆ ಬಿಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗಾಗುತ್ತದೆ, ವಾಪಸ್ ಬೋರ್ಡಿಗೆ ಹೋಗುವುದೇ ವಾಸಿ. ಹೆಚ್ಚಿದ್ದರೆ ಎರಡು ಮಾತು ಹೇಳಿ ಮುಂದಕ್ಕೆ.

ಚರ್ಚೆಯಲ್ಲಿ ಜಾಣರ ಉತ್ತರ ಉಳಿದವರು ನಕಲು ಮಾಡುತ್ತಾರಷ್ಟೇ ಅಲ್ಲವೇ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನನಗೂ ಆ ಅನುಮಾನ ಇತ್ತು. ಕೊಲೊರಾಡೊ ವಿಶ್ವವಿದ್ಯಾಲಯದ ಮಿಶೆಲ್ ಸ್ಮಿತ್ ಮತ್ತು ಜೊತೆಗಾರರು 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಚರ್ಚೆಯ ನಂತರ ಅದೇ ತತ್ವದ ಬೇರೊಂದು ಪ್ರಶ್ನೆಯನ್ನು ಒಬ್ಬೊಬ್ಬರಿಗೇ ಕೊಟ್ಟು ನೋಡಿದರೆ, ಮೊದಲು ಯಾರಿಗೂ ಉತ್ತರ ಗೊತ್ತಿರದಿದ್ದ ಗುಂಪುಗಳಲ್ಲೂ ಸುಧಾರಣೆ ಕಂಡಿತು. ನಾನೂ ಅದಕ್ಕೇ ಮೂರನೇ ಮತಕ್ಕೆ ಅಂತ ಅದೇ ತತ್ವದ ಬೇರೊಂದು ಪ್ರಶ್ನೆ ಇಟ್ಟಿರುತ್ತೇನೆ. ಬಲ್ಬಿನ ನಂತರ, ಹೀಟರ್ ಕಾಯಿಲನ್ನು ಅರ್ಧಕ್ಕೆ ಕತ್ತರಿಸಿ ಅದೇ ಮೇನ್ಸ್‌ಗೆ ಕೊಟ್ಟರೆ ಶಾಖ ಹೆಚ್ಚೋ ಕಡಿಮೆಯೋ ಅನ್ನುವುದು.

ಗುಂಡಿ ಒತ್ತಿ ಉತ್ತರ ಕಳಿಸುವ ದುಬಾರಿ ಕ್ಲಿಕರ್ ಯಂತ್ರಗಳಿಲ್ಲ ಅಂತ ಕೊರಗುವವರಿಗೆ ಇನ್ನೊಂದು ವಿಷಯ. ಕೆನಡಾದ ಭೌತಶಾಸ್ತ್ರ ಮೇಷ್ಟ್ರು ನಥಾನಿಯಲ್ ಲಾಸ್ರಿ ಕ್ಲಿಕರ್ ಹಿಡಿದ ತರಗತಿಯನ್ನೂ ಬರೀ ಫ್ಲ್ಯಾಶ್‌ಕಾರ್ಡ್ ಹಿಡಿದ ತರಗತಿಯನ್ನೂ ಹೋಲಿಸಿ 2008ರಲ್ಲಿ ಬರೆದರು. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕರೆಂಟ್ ಹೋದ ದಿನ, ನೆಟ್ ಕೈಕೊಟ್ಟ ದಿನ ನಾನು ಕಣ್ಣು ಮುಚ್ಚಿಸಿ ಎದೆಯ ಮುಂದೆ ಬೆರಳು ತೋರಿಸಿ ಅನ್ನುತ್ತೇನೆ. ಒಂದು ಬೆರಳು ಎ, ಎರಡು ಬಿ. ಎಣಿಕೆ ಕರಾರುವಾಕ್ಕಾಗಿ ಸಿಗುವುದಿಲ್ಲ, ಗಲಾಟೆ ಮಾತ್ರ ಅಷ್ಟೇ ಚೆನ್ನಾಗಿ ಆಗುತ್ತದೆ.

ನಿಜವಾದ ಶ್ರಮ ಪ್ರಶ್ನೆ ಬರೆಯುವುದರಲ್ಲಿ. ತಪ್ಪು ಆಯ್ಕೆಗಳು ಯಾರಾದರೂ ನಿಜವಾಗಿ ನಂಬುವಂಥವಾಗಿರಬೇಕು. ಅವನ್ನು ನಾನು ಕಲ್ಪಿಸಿಕೊಳ್ಳುವುದಿಲ್ಲ, ಉತ್ತರ ಪತ್ರಿಕೆ ತಿದ್ದುವಾಗ ಸಿಕ್ಕವನ್ನು ಡೈರಿಯ ಕೊನೆಯ ಪುಟಗಳಲ್ಲಿ ಬರೆದಿಡುತ್ತೇನೆ. ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಾಗ ವೇಗೋತ್ಕರ್ಷ ಸೊನ್ನೆ ಅಂತ ಎಷ್ಟು ಜನ ಬರೆಯುತ್ತಾರೆಂದರೆ, ಆ ಆಯ್ಕೆಯಿಲ್ಲದೆ ಆ ಪ್ರಶ್ನೆಗೆ ಬೆಲೆಯೇ ಇಲ್ಲ. ಡಿ ಜಾಗದಲ್ಲಿ ಆಗಾಗ "ಗೊತ್ತಿಲ್ಲ" ಇಡುತ್ತೇನೆ. ಮೊದಮೊದಲು ಯಾರೂ ಮುಟ್ಟುವುದಿಲ್ಲ. ಇದಕ್ಕೂ ಇಂಟರ್ನಲ್ ಮಾರ್ಕ್ಸಿಗೂ ಸಂಬಂಧವಿಲ್ಲ ಅಂತ ನಂಬಿಕೆ ಬಂದ ಮೇಲೆ ಧೈರ್ಯವಾಗಿ ತೋರಿಸುತ್ತಾರೆ. ಯಾರು ಏನು ಉತ್ತರಿಸಿದರು ಅನ್ನುವುದು ನನಗೆ ಮಾತ್ರ ಕಾಣುತ್ತದೆ ಅಂತಲೂ ಮೊದಲೇ ಹೇಳಿಬಿಟ್ಟಿರುತ್ತೇನೆ, ಮುಚ್ಚಿಡುವುದು ಸರಿಯಲ್ಲ.

ಎರಡನೇ ಮತ ಯಾವಾಗಲೂ ಸರಿ ಕಡೆಗೇ ಹೋಗುತ್ತದೆ ಅಂತೇನಿಲ್ಲ. ಕೃಷಿ ಹೊಂಡದಲ್ಲಿ ಹರಿಗೋಲು, ಅದರಲ್ಲಿ ಒಂದು ದೊಡ್ಡ ಕಲ್ಲು. ಕಲ್ಲನ್ನು ಎತ್ತಿ ನೀರಿಗೆ ಹಾಕಿದರೆ ಹೊಂಡದ ಮಟ್ಟ ಏರುತ್ತದೋ, ಇಳಿಯುತ್ತದೋ, ಹಾಗೇ ಇರುತ್ತದೋ? ಒಮ್ಮೆ ಮಾತಿನಲ್ಲಿ ಪಳಗಿದ ಹುಡುಗನೊಬ್ಬ "ಕಲ್ಲು ಒಳಗಿದ್ದರೇನು ಹೊರಗಿದ್ದರೇನು, ಅದೇ ಕಲ್ಲು, ಅದೇ ಹೊಂಡ" ಅಂತ ಇಡೀ ಎರಡು ಸಾಲನ್ನು ತನ್ನ ಕಡೆ ಎಳೆದುಕೊಂಡ. ಅಂಥ ದಿನಕ್ಕೆ ಉದ್ದನೆಯ ಗಾಜಿನ ಜಾಡಿ, ಅದರೊಳಗೆ ತೇಲುವಷ್ಟೇ ಅಗಲದ ಸ್ಟೀಲ್ ಬಟ್ಟಲು, ಒಂದು ಕಬ್ಬಿಣದ ತೂಕದ ಕಲ್ಲು ಇಟ್ಟುಕೊಂಡಿರಬೇಕು. ಬಕೆಟ್ಟಿನಲ್ಲಿ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಬೀಳದು, ಬಾಯಿ ಕಿರಿದಾಗಿದ್ದಷ್ಟೂ ಚೆನ್ನ. ಸ್ಕೆಚ್‌ಪೆನ್ನಿನಲ್ಲಿ ಗೆರೆ ಎಳೆದು ಕಲ್ಲನ್ನು ನೀರಿಗೆ ಬಿಟ್ಟಾಗ ಮಟ್ಟ ಗೆರೆಯಿಂದ ಕೆಳಗಿಳಿಯಿತು. ಬಟ್ಟಲಿನಲ್ಲಿದ್ದಾಗ ಕಲ್ಲು ತನ್ನ ತೂಕದಷ್ಟು ನೀರನ್ನು ಸರಿಸಿತ್ತು, ಮುಳುಗಿದ ಮೇಲೆ ತನ್ನ ಗಾತ್ರದಷ್ಟನ್ನು ಮಾತ್ರ. ಇದನ್ನು ವಿವರಿಸಿದ್ದು ನಾನಲ್ಲ, ಅದೇ ಹುಡುಗ. ಸೋತವನ ವಿವರಣೆ ಎಲ್ಲರಿಗಿಂತ ಸ್ಪಷ್ಟವಾಗಿತ್ತು.

ಫೋನ್ ಬಳಸುವ ಸಾಧನಗಳನ್ನು ನಾನು ಉಪನ್ಯಾಸಕರ ಕಾರ್ಯಾಗಾರಗಳಿಗೆ ಇಟ್ಟುಕೊಂಡಿದ್ದೇನೆ. ಅಲ್ಲಿ ಎಲ್ಲರ ಹತ್ತಿರವೂ ಫೋನ್ ಇರುತ್ತದೆ, ಬೇಡವೆಂದರೂ ನೋಡುತ್ತಲೇ ಇರುತ್ತಾರೆ. ಸಭಾಂಗಣದ ವೈಫೈ ನಂಬಬೇಡಿ, ಎಲ್ಲರೂ ಒಟ್ಟಿಗೆ ಸೇರಿದರೆ ಮಕಾಡೆ ಮಲಗುತ್ತದೆ. ಕ್ಯುಆರ್ ಕೋಡನ್ನು ನೋಂದಣಿ ಟೇಬಲ್ಲಿನ ಮೇಲೆಯೇ ಅಂಟಿಸಿ, ಟೀ ಕುಡಿಯುವಾಗಲೇ ಸ್ಕ್ಯಾನ್ ಮಾಡಿಸಿಕೊಂಡರೆ ವೇದಿಕೆಯ ಮೇಲೆ ಐದು ನಿಮಿಷ ಉಳಿಯುತ್ತದೆ. ಉಚಿತ ಖಾತೆಯಲ್ಲಿ ಎಷ್ಟು ಜನ ಸೇರಬಹುದು ಅನ್ನುವ ಮಿತಿ ಆಗಾಗ ಬದಲಾಗುತ್ತಿರುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ.

ಕಹೂಟ್‌ನಂಥ ಆಟಗಳಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಊಟದ ನಂತರದ ತೂಕಡಿಕೆ ಓಡಿಸಲು ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಬಲ್ಬಿನಂಥ ಪ್ರಶ್ನೆಗೆ ಅದು ವಿಷ. ಅಲ್ಲಿ ಯೋಚನೆ ಮಾಡಿದವರಿಗೇ ನಷ್ಟ. ಅಂಕವಿಲ್ಲದೆಯೂ ಪ್ರಶ್ನೆ ಇಡಬಹುದು, ನಾನು ಹಾಗೇ ಇಡುತ್ತೇನೆ. ಹೆಚ್ಚು ಜನ ಬರೆದ ಪದವನ್ನು ತೆರೆಯ ಮೇಲೆ ದೊಡ್ಡದಾಗಿ ತೋರಿಸುವ ವರ್ಡ್ ಕ್ಲೌಡ್ ನೋಡಲು ಚಂದ, ಕನ್ನಡದ ಸಭೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಒಬ್ಬರು ಕನ್ನಡ ಅಕ್ಷರದಲ್ಲಿ ಶಕ್ತಿ ಅಂತ ಬರೆದರೆ ಇನ್ನಿಬ್ಬರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಎಚ್ ಹಾಕಿ ಒಬ್ಬರು, ಹಾಕದೆ ಒಬ್ಬರು ಬರೆಯುತ್ತಾರೆ. ಯಂತ್ರಕ್ಕೆ ಅವು ಮೂರು ಬೇರೆ ಪದ. ಎಲ್ಲರೂ ಹೇಳಿದ್ದು ಒಂದೇ ಆದರೂ ತೆರೆಯ ಮೇಲೆ ಯಾವುದೂ ದೊಡ್ಡದಾಗುವುದಿಲ್ಲ.

ಹೆಸರಿಲ್ಲದೆ ಪ್ರಶ್ನೆ ಕೇಳುವ ಸೌಲಭ್ಯ ಮಾತ್ರ ಬಂಗಾರ. ಮೇಲಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂತಿರುವಾಗ ಅತಿಥಿ ಉಪನ್ಯಾಸಕರು ಮೈಕ್ ಹಿಡಿದು ಏನನ್ನೂ ಕೇಳುವುದಿಲ್ಲ. ಫೋನಿನಲ್ಲಿ ಕೇಳುತ್ತಾರೆ: ಪ್ರಯೋಗಾಲಯದಲ್ಲಿ ಉಪಕರಣವೇ ಇಲ್ಲ, ನೀವು ಹೇಳಿದ್ದನ್ನು ಹೇಗೆ ಮಾಡುವುದು? ಆ ಪ್ರಶ್ನೆಗೆ ಇತರರ ಮತ ಬಿದ್ದು ಅದು ಮೇಲಕ್ಕೇರಿದರೆ ವೇದಿಕೆಯ ಮೇಲಿದ್ದವರು ಉತ್ತರ ಕೊಡಲೇಬೇಕು. ಆದರೆ ಬಂದದ್ದೆಲ್ಲ ನೇರ ತೆರೆಗೆ ಹೋಗದ ಹಾಗೆ ಮಾಡರೇಷನ್ ಆನ್ ಮಾಡಿ, ಒಬ್ಬರನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅಚ್ಚಗನ್ನಡದ ಬೈಗುಳವೊಂದು ಫಿಲ್ಟರಿನ ಕಣ್ಣಿಗೆ ಬೀಳದೆ ತೆರೆಯ ಮೇಲೆ ಮೂಡಿದ್ದನ್ನು ಒಂದು ಸಭೆಯಲ್ಲಿ ಕಂಡಿದ್ದೇನೆ. ಅದಕ್ಕೂ ನಾಲ್ಕಾರು ಲೈಕ್ ಬಿದ್ದಿತ್ತು.

ಸಿಲಬಸ್ ಮುಗಿಯುತ್ತದೆಯೇ ಅನ್ನುವುದು ಎಲ್ಲ ಕಡೆ ಬರುವ ಪ್ರಶ್ನೆ. ಒಂದು ಪ್ರಶ್ನೆಗೆ ಚರ್ಚೆ ಸೇರಿ ಹತ್ತು ನಿಮಿಷ ಹಿಡಿಯುತ್ತದೆ, ಒಂದು ಪೀರಿಯಡ್ಡಿಗೆ ಎರಡಕ್ಕಿಂತ ಹೆಚ್ಚು ಹಾಕುವುದಿಲ್ಲ. ಬದಲಿಗೆ ನೋಟ್ಸ್ ಡಿಕ್ಟೇಟ್ ಮಾಡುವುದನ್ನು ಪೂರ್ತಿ ಬಿಟ್ಟೆ, ಅದು ಹಿಂದಿನ ದಿನವೇ ಜೆರಾಕ್ಸ್ ಅಂಗಡಿಗೆ ಹೋಗಿರುತ್ತದೆ. ಉದ್ದನೆಯ ಡಿರೈವೇಷನ್ ಇರುವ ದಿನ ಕಾರ್ಡು ಬೀರುವಿನಿಂದ ಹೊರಗೇ ಬರುವುದಿಲ್ಲ. ಅಲ್ಲಿ ನಾಲ್ಕು ಆಯ್ಕೆಯ ಪ್ರಶ್ನೆಗೆ ಕೆಲಸವಿಲ್ಲ, ಚಾಕ್‌ಪೀಸಿಗೆ ಇದೆ.