ಹಳೆಯ ಪೈಥಾನ್ ಸ್ಪೆಕ್ ಫೈಲ್: ಎರಡು ಸಾಲು ಬದಲಿಸಿದರೆ ಕೆಲಸ ಮುಗಿಯಲ್ಲ

ಫೆಡೋರಾ ಲಿನಕ್ಸ್‌ಗೆ ಪ್ಯಾಕೇಜ್ ಮಾಡುವ ಹೊಸಬರ ಸ್ಪೆಕ್ ಫೈಲುಗಳನ್ನು (ಪ್ಯಾಕೇಜನ್ನು ಹೇಗೆ ಬಿಲ್ಡ್ ಮಾಡಬೇಕು ಅಂತ ಹೇಳುವ ಕಡತ) ಆಗಾಗ ನೋಡುತ್ತಿರುತ್ತೇನೆ. ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. %ಪೈ3_ಬಿಲ್ಡ್ ಇದ್ದಲ್ಲಿ %ಪೈಪ್ರಾಜೆಕ್ಟ್_ವೀಲ್ ಹಾಕುತ್ತಾರೆ, %ಪೈ3_ಇನ್‌ಸ್ಟಾಲ್ ಇದ್ದಲ್ಲಿ %ಪೈಪ್ರಾಜೆಕ್ಟ್_ಇನ್‌ಸ್ಟಾಲ್ ಹಾಕುತ್ತಾರೆ, ಬಿಲ್ಡ್ ಪಾಸ್ ಆಯಿತು ಅಂತ ಕೈ ತೊಳೆದುಕೊಳ್ಳುತ್ತಾರೆ. ಯಾರೋ ಎಂದೋ ಕೈಯಿಂದ ಬರೆದ ಹದಿನೈದು ಬಿಲ್ಡ್‌ರಿಕ್ವೈರ್ಸ್ (ಬಿಲ್ಡ್ ಮಾಡಲು ಏನೇನು ಬೇಕು ಅನ್ನುವ) ಸಾಲುಗಳು ಮೇಲೆ ಹಾಗೇ ಇರುತ್ತವೆ. ಗೆದ್ದಲು ಹಿಡಿದ ಬಾಗಿಲಿಗೆ ಬಣ್ಣ ಹೊಡೆದ ಹಾಗೆ.

ಬದಲಾವಣೆ ಯಾಕೆ ಬೇಕು ಅಂದರೆ, %ಪೈ3_ ಎಂದು ಶುರುವಾಗುವ ಹಳೆಯ ಮ್ಯಾಕ್ರೋಗಳು (ಕಮಾಂಡುಗಳಿಗೆ ಇಟ್ಟ ಚಿಕ್ಕ ಹೆಸರು) ಸೆಟಪ್.ಪೈ ಕಡತವನ್ನೇ ನೇರವಾಗಿ ಓಡಿಸುತ್ತವೆ. ಫ್ಲಿಟ್, ಪೊಯೆಟ್ರಿ, ಹ್ಯಾಚ್‌ಲಿಂಗ್‌ನಂಥ ಹೊಸ ಬಿಲ್ಡ್ ಸಾಧನ ಬಳಸುವ ಯೋಜನೆಗಳಲ್ಲಿ ಆ ಕಡತವೇ ಇರಬೇಕಿಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.12ರಿಂದ ಪೈಥಾನ್ ಜೊತೆಗೇ ಬರುತ್ತಿದ್ದ ಹಳೆಯ ಬಿಲ್ಡ್ ಲೈಬ್ರರಿ ಡಿಸ್ಟ್‌ಯುಟಿಲ್ಸ್ ಕೂಡ ಹೋಯಿತು. ಈಗ ಏನು ಬೇಕು, ಯಾವ ಬ್ಯಾಕೆಂಡ್ (ಬಿಲ್ಡ್ ಮಾಡಿಕೊಡುವ ಸಾಧನ) ಅನ್ನುವುದೆಲ್ಲ ಪೈಪ್ರಾಜೆಕ್ಟ್.ಟಾಮ್ಲ್ ಕಡತದಲ್ಲಿರುತ್ತದೆ. ಅದನ್ನು ಸ್ಪೆಕ್ ಫೈಲ್ ತಾನೇ ಓದಿಕೊಳ್ಳಬೇಕು. ನಾವು ಕೂತು ನಕಲು ಮಾಡಬಾರದು.

1. ಮೊದಲು ಕಸ ಗುಡಿಸಿ

ಗ್ರೂಪ್, ಬಿಲ್ಡ್‌ರೂಟ್, %ಕ್ಲೀನ್, %ಡೆಫ್‌ಆಟ್ರ್, %ಪೈಥಾನ್_ಪ್ರೊವೈಡ್: ಎಲ್ಲ ತೆಗೆಯಿರಿ. ಲೈಸೆನ್ಸ್ ಸಾಲನ್ನು ಎಸ್‌ಪಿಡಿಎಕ್ಸ್ (ಲೈಸೆನ್ಸ್ ಹೆಸರುಗಳ ಪ್ರಮಾಣಿತ ಪಟ್ಟಿ) ರೂಪಕ್ಕೆ ತನ್ನಿ. 'ಎಎಸ್‌ಎಲ್ 2.0' ಎಂದಿದ್ದರೆ 'ಅಪಾಚೆ-2.0' ಆಗುತ್ತದೆ. ಬರೀ 'ಬಿಎಸ್‌ಡಿ' ಎಂದಿದ್ದರೆ ಊಹೆ ಮಾಡಬೇಡಿ, ಲೈಸೆನ್ಸ್ ಕಡತ ತೆರೆದು ಎರಡು ಷರತ್ತಿನದೋ ಮೂರು ಷರತ್ತಿನದೋ ಓದಿ ನೋಡಿ.

2. ಬಿಲ್ಡ್‌ರಿಕ್ವೈರ್ಸ್ ಖಾಲಿ ಮಾಡಿ

ಪೈಥಾನ್3-ಡೆವೆಲ್ ಒಂದನ್ನು ಉಳಿಸಿ, ಉಳಿದ ಪೈಥಾನ್ ಅವಲಂಬನೆಗಳನ್ನೆಲ್ಲ ಅಳಿಸಿ. ಜಿಸಿಸಿ, ಸಿ ಲೈಬ್ರರಿಗಳ ಡೆವೆಲ್ ಪ್ಯಾಕೇಜುಗಳು ಮಾತ್ರ ಇರಲಿ. ಅವು ಪೈಥಾನ್ ಮೆಟಾಡೇಟಾದಲ್ಲಿ ಬರುವುದಿಲ್ಲ, ಅವುಗಳನ್ನು ನಾವೇ ಬರೆಯಬೇಕು.

3. %ಜನರೇಟ್_ಬಿಲ್ಡ್‌ರಿಕ್ವೈರ್ಸ್: ಜನ ಎಡವುವುದು ಇಲ್ಲೇ

%ಪ್ರೆಪ್ (ಮೂಲ ಕೋಡ್ ಬಿಚ್ಚಿ ಸಿದ್ಧ ಮಾಡುವ ವಿಭಾಗ) ಆದ ಮೇಲೆ ಈ ವಿಭಾಗ ಬರೆದು, ಒಳಗೆ %ಪೈಪ್ರಾಜೆಕ್ಟ್_ಬಿಲ್ಡ್‌ರಿಕ್ವೈರ್ಸ್ ಎಂದು ಹಾಕಬೇಕು. ಬರೆಯಲು ಎರಡೇ ಸಾಲು. ಆದರೆ ಒಳಗೆ ಏನು ನಡೆಯುತ್ತದೆ ಅಂತ ತಿಳಿಯದಿದ್ದರೆ ಮುಂದೆ ಬರುವ ಒಂದು ಎರರ್ ಕೂಡ ಅರ್ಥ ಆಗಲ್ಲ.

ಇದು ಒಂದೇ ಸಲ ಓಡುವುದಿಲ್ಲ. ಮೊದಲ ಸುತ್ತಿನಲ್ಲಿ ಬ್ಯಾಕೆಂಡ್ ಯಾವುದು ಅಂತಷ್ಟೇ ಗೊತ್ತಾಗುತ್ತದೆ, ಉದಾಹರಣೆಗೆ ಹ್ಯಾಚ್‌ಲಿಂಗ್. ಅದನ್ನು ಇನ್‌ಸ್ಟಾಲ್ ಮಾಡಿದ ಮೇಲೆ ಆ ಬ್ಯಾಕೆಂಡನ್ನೇ ಕೇಳಿ, ಪ್ಯಾಕೇಜ್ ಓಡಲು ಏನೇನು ಬೇಕು ಅನ್ನುವ ಪಟ್ಟಿ ಪಡೆಯುತ್ತದೆ. ಹೊಸದೇನೂ ಸಿಗದಾಗುವ ತನಕ ಸುತ್ತು ಹೊಡೆಯುತ್ತದೆ. ಮಾಕ್ (ಖಾಲಿ, ಪ್ರತ್ಯೇಕ ಪರಿಸರದಲ್ಲಿ ಬಿಲ್ಡ್ ಮಾಡುವ ಸಾಧನ) ಬಳಸಿದರೆ ಇದೆಲ್ಲ ತಾನಾಗೇ ಆಗುತ್ತದೆ. ಸುಮ್ನೆ ಆರ್‌ಪಿಎಂಬಿಲ್ಡ್ ಓಡಿಸಿದರೆ ನಡುವೆ ನಿಂತು, ಬಿಲ್ಡ್‌ರೆಕ್ಸ್.ನೋಎಸ್‌ಆರ್‌ಸಿ.ಆರ್‌ಪಿಎಂ ಎಂದು ಕೊನೆಯಾಗುವ ಒಂದು ಕಡತ ಬಿಟ್ಟುಹೋಗುತ್ತದೆ. ಅದನ್ನು ನೋಡಿ ಬಿಲ್ಡ್ ಕೆಟ್ಟಿತು ಅಂತ ಗಾಬರಿಯಾಗಿ ಮತ್ತೆ ಕೈಯಿಂದ ಪಟ್ಟಿ ಬರೆಯಲು ಕೂತವರನ್ನು ನೋಡಿದ್ದೇನೆ. ಅದು ಕೆಟ್ಟದ್ದಲ್ಲ, ಇನ್ನೂ ಇಷ್ಟು ಬೇಕು ಅಂತ ಕೇಳುತ್ತಿದೆ ಅಷ್ಟೇ. ಬೇಕಾದ್ದನ್ನು ಇನ್‌ಸ್ಟಾಲ್ ಮಾಡುವ ಡಿಎನ್‌ಎಫ್ ಬಿಲ್ಡ್‌ಡೆಪ್ ಕಮಾಂಡಿಗೆ ಆ ಕಡತ ಕೊಟ್ಟು ಮತ್ತೆ ಓಡಿಸಿ. ನನ್ನನ್ನು ಕೇಳಿದರೆ ಮೊದಲ ದಿನದಿಂದಲೇ ಮಾಕ್ ಬಳಸಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೊದಲೇ ಇರುವ ಪ್ಯಾಕೇಜುಗಳು ಎಷ್ಟೋ ತಪ್ಪುಗಳನ್ನು ಮುಚ್ಚಿಬಿಡುತ್ತವೆ.

ಇನ್ನು ಟೆಸ್ಟ್‌ಗೆ ಬೇಕಾದವು. ಪೈಪ್ರಾಜೆಕ್ಟ್.ಟಾಮ್ಲ್ ತೆರೆದು ನೋಡಿ. ಐಚ್ಛಿಕ ಅವಲಂಬನೆಗಳಲ್ಲಿ 'ಟೆಸ್ಟ್' ಅನ್ನುವ ಎಕ್ಸ್‌ಟ್ರಾ ಇದ್ದರೆ '-ಎಕ್ಸ್ ಟೆಸ್ಟ್', ಡಿಪೆಂಡೆನ್ಸಿ ಗ್ರೂಪ್ ಇದ್ದರೆ '-ಜಿ', ಟಾಕ್ಸ್ (ಟೆಸ್ಟ್ ಓಡಿಸಲು ಪರಿಸರ ಸಿದ್ಧ ಮಾಡುವ ಸಾಧನ) ಬಳಸುತ್ತಿದ್ದರೆ '-ಟಿ' ಎಂದು %ಪೈಪ್ರಾಜೆಕ್ಟ್_ಬಿಲ್ಡ್‌ರಿಕ್ವೈರ್ಸ್ ಮುಂದೆ ಸೇರಿಸಿ. ಇಲ್ಲೊಂದು ಗುಂಡಿ ಇದೆ. ಆ ಟೆಸ್ಟ್ ಪಟ್ಟಿಯಲ್ಲಿ ಟೆಸ್ಟ್ ಓಡಿಸುವ ಪೈಟೆಸ್ಟ್ ಜೊತೆಗೆ ಪೈಟೆಸ್ಟ್-ಕವ್, ಫ್ಲೇಕ್8, ಮೈಪೈ, ಬ್ಲ್ಯಾಕ್ ಎಲ್ಲ ಸೇರಿರುತ್ತವೆ. ಕೋಡ್ ಅಂದವಾಗಿದೆಯಾ, ಕವರೇಜ್ (ಟೆಸ್ಟ್‌ಗಳು ಮುಟ್ಟುವ ಕೋಡಿನ ಪ್ರಮಾಣ) ಎಷ್ಟು ಅನ್ನುವುದು ಕೋಡ್ ಬರೆದವರ ಕೆಲಸ. ಪ್ಯಾಕೇಜ್ ಬಿಲ್ಡ್‌ನಲ್ಲಿ ಅದು ಬೇಡ. %ಪ್ರೆಪ್‌ನಲ್ಲೇ ಅವುಗಳನ್ನು ಕಿತ್ತುಹಾಕಿ. %ಬಿಲ್ಡ್‌ನಲ್ಲಿ ತೆಗೆದರೆ ಉಪಯೋಗ ಇಲ್ಲ, ಅಷ್ಟರಲ್ಲಿ ಪಟ್ಟಿ ಓದಿ ಆಗಿರುತ್ತದೆ.

ಪೈಟೆಸ್ಟ್-ಕವ್ ತೆಗೆದವರು ಇನ್ನೊಂದು ಸಾಲು ಮರೆಯುತ್ತಾರೆ. ಅದೇ ಕಡತದಲ್ಲಿ ಕೆಳಗೆ ಪೈಟೆಸ್ಟ್‌ನ 'ಆಡ್‌ಆಪ್ಟ್ಸ್' ಎಂಬಲ್ಲಿ '--ಕವ್' ಇರುತ್ತದೆ. ಪ್ಲಗಿನ್ ಹೋಯಿತು, ಆಯ್ಕೆ ಉಳಿಯಿತು. ಆಗ ಈ ಆರ್ಗ್ಯುಮೆಂಟ್ ನನಗೆ ಗೊತ್ತಿಲ್ಲ ಅಂತ ಪೈಟೆಸ್ಟ್ ಒಂದು ಟೆಸ್ಟನ್ನೂ ಓಡಿಸದೆ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೇ ತೆಗೆಯಿರಿ.

ಇದಕ್ಕೆ ಎಲ್ಲರೂ ಸೆಡ್ (ಪಠ್ಯ ಹುಡುಕಿ ಬದಲಿಸುವ ಕಮಾಂಡ್) ಬಳಸುತ್ತಾರೆ. ನಾನು ಬದಲಾವಣೆಗಳನ್ನು ಬರೆದಿಟ್ಟ ಪ್ಯಾಚ್ ಕಡತವನ್ನೇ ಬಳಸುತ್ತೇನೆ, ನೀವೂ ಹಾಗೇ ಮಾಡಿ. ಮುಂದಿನ ಆವೃತ್ತಿಯಲ್ಲಿ ಆ ಸಾಲು ಸ್ವಲ್ಪ ಬದಲಾದರೂ ಸೆಡ್ ಏನೂ ಮಾಡದೆ ಸುಮ್ಮನೆ ಮುಂದೆ ಹೋಗುತ್ತದೆ. ಪ್ಯಾಚ್ ಆದರೆ ಅಲ್ಲೇ ಫೇಲ್ ಆಗಿ ಕೂಗುತ್ತದೆ, ಮತ್ತು ಅದನ್ನೇ ಮೂಲ ಯೋಜನೆಗೂ ಕಳಿಸಬಹುದು.

'ಈ ಆವೃತ್ತಿಗಿಂತ ಕಡಿಮೆ ಇರಬೇಕು' ಅನ್ನುವ ಮಿತಿಗಳನ್ನೂ ಗಮನಿಸಿ. ಓಡುವಾಗ ಬೇಕಾದ ಅವಲಂಬನೆಯಲ್ಲಿ ಅಂಥದ್ದಿದ್ದರೆ ಅದು ಆರ್‌ಪಿಎಂನ (ಅಂದರೆ ಫೆಡೋರಾ ಪ್ಯಾಕೇಜಿನ) ರಿಕ್ವೈರ್ಸ್‌ಗೂ ಬರುತ್ತದೆ. ಮಿತಿ ಸಡಿಲಿಸುವ ಮೊದಲು ಯಾಕೆ ಹಾಕಿದ್ದಾರೆ ಅಂತ ಕಮಿಟ್ ಇತಿಹಾಸ ನೋಡಿ. ಕೆಲವು ಸಲ ನಿಜವಾದ ಕಾರಣ ಇರುತ್ತದೆ.

ಸೆಟಪ್‌ಟೂಲ್ಸ್-ಎಸ್‌ಸಿಎಂ ಬಳಸುವ ಯೋಜನೆಗಳದ್ದು ಬೇರೆಯೇ ಗೋಳು. ಅದು ಆವೃತ್ತಿ ಸಂಖ್ಯೆಯನ್ನು ಗಿಟ್ ಟ್ಯಾಗ್‌ನಿಂದ ತೆಗೆಯುತ್ತದೆ. ಗಿಟ್‌ಹಬ್‌ನ ಟಾರ್‌ಬಾಲ್‌ನಲ್ಲಿ ಗಿಟ್ ಇತಿಹಾಸ ಇರುವುದಿಲ್ಲ, ಹಾಗಾಗಿ ಆವೃತ್ತಿ ಸಿಗಲಿಲ್ಲ ಅಂತ ನಿಲ್ಲುತ್ತದೆ. ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐನ ಎಸ್‌ಡಿಸ್ಟ್‌ನಲ್ಲಿ (ಮೂಲ ಕೋಡಿನ ಕಟ್ಟು) ಟೆಸ್ಟ್‌ಗಳೂ ಇದ್ದರೆ ಅದನ್ನೇ ಬಳಸಿ, ಅದರೊಳಗಿನ ಪಿಕೆಜಿ-ಇನ್ಫೋ ಕಡತದಲ್ಲಿ ಆವೃತ್ತಿ ಇರುತ್ತದೆ. ಇಲ್ಲದಿದ್ದರೆ ಸೆಟಪ್‌ಟೂಲ್ಸ್_ಎಸ್‌ಸಿಎಂ_ಪ್ರಿಟೆಂಡ್_ವರ್ಷನ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಆವೃತ್ತಿ ಹಾಕಿ ಎಕ್ಸ್‌ಪೋರ್ಟ್ ಮಾಡಬೇಕು. %ಬಿಲ್ಡ್‌ನಲ್ಲಿ ಮಾತ್ರ ಹಾಕಿದರೆ ಸಾಲದು, ಅವಲಂಬನೆ ಪಟ್ಟಿ ಮಾಡುವ ವಿಭಾಗದಲ್ಲೂ ಬೇಕು.

4. ಬಿಲ್ಡ್, ಇನ್‌ಸ್ಟಾಲ್

%ಪೈಪ್ರಾಜೆಕ್ಟ್_ವೀಲ್, %ಪೈಪ್ರಾಜೆಕ್ಟ್_ಇನ್‌ಸ್ಟಾಲ್. ಅಷ್ಟೇ.

5. ಕಡತಗಳ ಪಟ್ಟಿ

%ಇನ್‌ಸ್ಟಾಲ್‌ನ ಕೊನೆಗೆ '%ಪೈಪ್ರಾಜೆಕ್ಟ್_ಸೇವ್_ಫೈಲ್ಸ್ -ಎಲ್' ಬರೆದು ಮುಂದೆ ಮಾಡ್ಯೂಲ್ ಹೆಸರು ಕೊಡಿ. ಪ್ಯಾಕೇಜ್ ಹೆಸರಲ್ಲ, ಇಂಪೋರ್ಟ್ ಮಾಡುವಾಗ ಬರೆಯುವ ಹೆಸರು. ಬ್ಯೂಟಿಫುಲ್‌ಸೂಪ್4ಗೆ 'ಬಿಎಸ್4', ಪಿಲ್ಲೋಗೆ 'ಪಿಐಎಲ್'. '-ಎಲ್' ಕೊಟ್ಟರೆ ಲೈಸೆನ್ಸ್ ಕಡತ ಸಿಗದಿದ್ದಾಗ ಬಿಲ್ಡ್ ನಿಲ್ಲುತ್ತದೆ. ಬೇಕಾದದ್ದೇ ಅದು.

ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಬೇಡಿ, ದಯವಿಟ್ಟು. ಒಬ್ಬರ ಪ್ಯಾಕೇಜಿನಲ್ಲಿ ಹಾಗೆ ಮಾಡಿ, ಸೈಟ್-ಪ್ಯಾಕೇಜಸ್ (ಪೈಥಾನ್ ಲೈಬ್ರರಿಗಳೆಲ್ಲ ಇರುವ ಫೋಲ್ಡರ್) ಒಳಗೆ 'ಟೆಸ್ಟ್ಸ್' ಅನ್ನುವ ಫೋಲ್ಡರ್ ನೇರವಾಗಿ ಬಂದು ಕೂತಿತ್ತು. ಅದೇ ತಪ್ಪು ಮಾಡಿದ ಇನ್ನೊಂದು ಪ್ಯಾಕೇಜ್ ಬಂದರೆ ಎರಡೂ ಒಂದೇ ಜಾಗಕ್ಕೆ ಹೊಡೆದಾಡುತ್ತವೆ ಅಲ್ವಾ? /ಯುಎಸ್‌ಆರ್/ಬಿನ್ ಫೋಲ್ಡರ್‌ಗೆ ಹೋಗುವ ಕಮಾಂಡುಗಳನ್ನೂ ಒಂದೊಂದಾಗಿ ಹೆಸರಿಸಿ ಬರೆಯಿರಿ. ಸಂರಚನಾ ಕಡತ /ಇಟಿಸಿ ಫೋಲ್ಡರ್‌ಗೆ ಹೋಗಬೇಕಿದ್ದರೆ ಅದನ್ನು ವೀಲ್ (ಪೈಥಾನಿನ ಬಿಲ್ಡ್ ಆದ ಪ್ಯಾಕೇಜ್ ರೂಪ) ಮಾಡಿಕೊಡುವುದಿಲ್ಲ, ನೀವೇ ಇನ್‌ಸ್ಟಾಲ್ ಕಮಾಂಡಿನಿಂದ ಅಲ್ಲಿಗೆ ಹಾಕಬೇಕು. ಹಳೆಯ ವಿಧಾನದಲ್ಲಿ ತಾನಾಗೇ ಹೋಗುತ್ತಿದ್ದುದರಿಂದ ಇದನ್ನು ಮರೆಯುವವರು ಜಾಸ್ತಿ.

6. ಚೆಕ್

%ಪೈಪ್ರಾಜೆಕ್ಟ್_ಚೆಕ್_ಇಂಪೋರ್ಟ್ ಮತ್ತು %ಪೈಟೆಸ್ಟ್, ಎರಡೂ ಇರಲಿ. ಟೆಸ್ಟ್ ಓಡಿಸಲು ಸಾಧ್ಯವೇ ಇಲ್ಲದಿದ್ದರೆ ಇಂಪೋರ್ಟ್ ಚೆಕ್ ಆದರೂ ಇರಲೇಬೇಕು.

7. ಹಳೆಯದರ ಪಕ್ಕ ಹೊಸದನ್ನಿಟ್ಟು ನೋಡಿ

ಆವೃತ್ತಿ ಏರಿಸುವುದನ್ನೂ ಇದನ್ನೂ ಒಂದೇ ಕಮಿಟ್‌ನಲ್ಲಿ ಮಾಡಬೇಡಿ. ಅದೇ ಆವೃತ್ತಿಯನ್ನು ಹಳೆಯ ಸ್ಪೆಕ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಬಿಲ್ಡ್ ಮಾಡಿ, ಎರಡು ಆರ್‌ಪಿಎಂಗಳನ್ನೂ ಆರ್‌ಪಿಎಂಡಿಫ್‌ಗೆ ಕೊಡಿ. ಮೆಟಾಡೇಟಾ ಇಡುವ 'ಎಗ್-ಇನ್ಫೋ' ಹೋಗಿ 'ಡಿಸ್ಟ್-ಇನ್ಫೋ' ಬಂದಿರುತ್ತದೆ, ಅದು ಸರಿ. ಬೇರೆ ಯಾವ ಕಡತ ಕಾಣೆಯಾಗಿದ್ದರೂ ಕಾರಣ ಹುಡುಕಿ.

ಪ್ರೊವೈಡ್ಸ್ (ಈ ಪ್ಯಾಕೇಜ್ ಏನೇನು ಒದಗಿಸುತ್ತದೆ ಅನ್ನುವ) ಪಟ್ಟಿಯನ್ನೂ ತೆಗೆದು ನೋಡಿ. ಪೈಥಾನ್3ಡಿಸ್ಟ್ ಸಾಲಿನ ಮುಂದೆ '= 0' ಎಂದಿದ್ದರೆ ಆವೃತ್ತಿ ಓದುವುದು ತಪ್ಪಿ 0.0.0 ಎಂದು ಬಿಲ್ಡ್ ಆಗಿದೆ. ಬಿಲ್ಡ್ ಹಸಿರು, ಟೆಸ್ಟ್ ಹಸಿರು, ಆದರೆ ಈ ಪ್ಯಾಕೇಜಿನ 2.0ಕ್ಕಿಂತ ಹೊಸದು ಬೇಕು ಅನ್ನುವ ಇನ್ನೊಂದು ಪ್ಯಾಕೇಜ್ ಇನ್‌ಸ್ಟಾಲ್ ಆಗುವುದಿಲ್ಲ. ಹೀಗಾದರೆ ಮೂರನೆಯ ಹಂತಕ್ಕೆ ವಾಪಸ್ ಹೋಗಿ.

ಇದೇ ಸ್ಪೆಕ್ ಫೈಲನ್ನು ಇಪೆಲ್ 8ಕ್ಕೂ (ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಹೆಚ್ಚುವರಿ ಪ್ಯಾಕೇಜುಗಳ ಭಂಡಾರ) ಬಳಸುತ್ತಿದ್ದರೆ ಅದರ ಬ್ರಾಂಚನ್ನು ಬೇರೆಯೇ ಇಡಿ. ಅಲ್ಲಿರುವುದು ಆರ್‌ಪಿಎಂ 4.14, ಮೂರನೆಯ ಹಂತದ ವಿಭಾಗ ಬಂದದ್ದು 4.15ರಲ್ಲಿ. ಎರಡನ್ನೂ 'ಇಫ್' ಹಾಕಿ ಒಂದೇ ಕಡತದಲ್ಲಿ ತುರುಕಿದರೆ ಮುಂದೆ ಓದುವವರಿಗೆ ತಲೆನೋವು. ಹೊಸದನ್ನು ಮೊದಲು ಫೆಡೋರಾದ ಅಭಿವೃದ್ಧಿ ಆವೃತ್ತಿಯಾದ ರಾಹೈಡ್‌ಗೆ ಮಾತ್ರ ಹಾಕಿ, ಇದನ್ನು ನೆಚ್ಚಿಕೊಂಡಿರುವ ಪ್ಯಾಕೇಜುಗಳನ್ನು ಕಾಪರ್‌ನಲ್ಲಿ (ಫೆಡೋರಾದ ಬಿಲ್ಡ್ ಸೇವೆ) ಮತ್ತೊಮ್ಮೆ ಬಿಲ್ಡ್ ಮಾಡಿ ನೋಡಿ. ಈಗಾಗಲೇ ಬಿಡುಗಡೆಯಾದ ಫೆಡೋರಾ ಬ್ರಾಂಚುಗಳಲ್ಲಿ ಹಳೆಯ ಸ್ಪೆಕ್ ಕೆಲಸ ಮಾಡುತ್ತಿದ್ದರೆ ಅದನ್ನು ಮುಟ್ಟಬೇಡಿ.