ಮಳೆನೀರಿನ ಚರಂಡಿಗೆ ಎಣ್ಣೆ ಸೇರುವುದನ್ನು ನಿಲ್ಲಿಸಿದ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯ ಹಿಂಬದಿಯ ಚರಂಡಿಯಲ್ಲಿ ಪ್ರತಿ ಮಳೆಗಾಲವೂ ಕಾಮನಬಿಲ್ಲಿನ ಬಣ್ಣದ ತೆಳುವಾದ ಪೊರೆ ತೇಲುತ್ತಿತ್ತು. ನಿರ್ವಹಣಾ ವಿಭಾಗದ ಹೊಣೆ ಹೊತ್ತಿದ್ದ ನಾನು ಪ್ರೆಸ್ಸು ಯಂತ್ರಗಳ ಎಣ್ಣೆ ಸೋರಿಕೆಯೇ ಕಾರಣವೆಂದು ತಿಳಿದು ಅವುಗಳ ಹೋಸುಗಳನ್ನು (ಎಣ್ಣೆ ಹರಿಯುವ ಕೊಳವೆಗಳನ್ನು) ಬದಲಿಸಿದೆ. ಪೊರೆ ಮಾತ್ರ ಹೋಗಲಿಲ್ಲ.

ಒಂದು ಬೆಳಿಗ್ಗೆ ಸುರಿಯುವ ಮಳೆಯಲ್ಲೇ ನೆಲದ ಇಳಿಜಾರನ್ನು ಹಿಡಿದು ಹೋದಾಗ ನಿಜವಾದ ಕಾರಣ ಕಂಡಿತು. ಬಳಸಿದ ಎಣ್ಣೆಯ ಬ್ಯಾರೆಲ್ಲುಗಳನ್ನು ಬಯಲಿನಲ್ಲಿ ನಿಲ್ಲಿಸಿದ್ದೆವು. ಸಡಿಲವಾದ ಬಿರಡೆಯ ಸುತ್ತ ನಿಂತ ಮಳೆನೀರು ಒಳಗಿಳಿದು ತಳ ಸೇರಿದಂತೆ, ಹಗುರವಾದ ಎಣ್ಣೆ ಮೇಲೆದ್ದು ಉಕ್ಕಿ, ಬ್ಯಾರೆಲ್ಲಿನ ಮೈಮೇಲೆ ಕಪ್ಪು ಗೆರೆಯಾಗಿ ಇಳಿಯುತ್ತಿತ್ತು.

ಚಾವಣಿ ಹಾಕಿಸಿ, ಕಾಂಕ್ರೀಟ್ ನೆಲದ ಸುತ್ತ ಒಂದು ಬ್ಯಾರೆಲ್ ಪೂರ್ತಿ ಒಡೆದರೂ ಎಣ್ಣೆ ಹೊರಹೋಗದಷ್ಟು ಎತ್ತರದ ಕಟ್ಟೆ ಕಟ್ಟಿಸಿದೆವು. ಇದಕ್ಕಿಂತ ಮುಖ್ಯವಾದ ತಪ್ಪೊಂದಿತ್ತು: ಚೆಲ್ಲಿದ ಎಣ್ಣೆ ಹೀರಿದ ಮರದ ಹೊಟ್ಟು ಮತ್ತು ಬಟ್ಟೆಗಳು ಸಾಮಾನ್ಯ ಕಸದೊಡನೆ ಹೋಗುತ್ತಿದ್ದವು. ಅವೂ ಅಪಾಯಕಾರಿ ತ್ಯಾಜ್ಯವೇ ಆದುದರಿಂದ ಈಗ ಮುಚ್ಚಳವಿರುವ ಬೇರೆ ಡ್ರಮ್ಮಿಗೆ ಹಾಕುತ್ತೇವೆ. ಡ್ರಮ್ಮಿಗೆ ಅಂಟಿಸಿದ ಹೊಳೆಯುವ ಹಳದಿ ಚೀಟಿಯ ಮೇಲಿನ ಕೆಂಪು ಎಚ್ಚರಿಕೆಯನ್ನು, ಅಪಾಯಕಾರಿ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಹೇಳುವಂತೆ, ಕನ್ನಡದಲ್ಲೂ ಬರೆಸಿದ್ದೇವೆ. ಅದನ್ನು ಓದಬೇಕಾದವರು ನಮ್ಮ ಕಾರ್ಮಿಕರೇ ಅಲ್ಲವೇ?

ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಂಥ ತ್ಯಾಜ್ಯವನ್ನು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಪ್ರತಿ ಡ್ರಮ್ ತುಂಬಲು ಆರಂಭಿಸಿದ ದಿನಾಂಕವನ್ನು ಅದರ ಮೇಲೆಯೇ ಬರೆಯುತ್ತೇವೆ. ಅದೇ ನಿಯಮಗಳ ನಮೂನೆ 3ರಲ್ಲಿ ತ್ಯಾಜ್ಯದ ದಾಖಲೆಯನ್ನು ಅಂದಂದೇ ತುಂಬಿದರೆ ಜೂನ್ 30ರೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬೇಕಾದ ವಾರ್ಷಿಕ ವರದಿಗೆ ಪರದಾಡಬೇಕಾಗಿಲ್ಲ. ಅನುಮತಿ ಪಡೆದ ಮರುಸಂಸ್ಕರಣಾ ಘಟಕಕ್ಕಲ್ಲದೆ ಬೇರೆ ಯಾರಿಗೂ ಈಗ ಹಳೆಯ ಎಣ್ಣೆ ಕೊಡುವುದಿಲ್ಲ.